ದನದ ಮನೆ ಗೂಡಿನ ರಕಾಬಿಗಳು

ನನ್ನ ಮನೆಯ ಒಂದು ಕೋಣೆಯೊಳಗೆ ನನ್ನ ಅಕ್ಕ ಹದಿನೆಂಟು ವರ್ಷ ಕಾಲಿಡಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ನಾನೇ ಯಾದಗಿರಿಗೆ ಹೋಗಿ ಆಕೆಯನ್ನು ಶಹಾಪುರಕ್ಕೆ ಕರೆದುಕೊಂಡು ಬರುತ್ತೇನೆ. ಬಂದವಳು ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾಳೆ, ಅಡುಗೆ ಮನೆಯಲ್ಲಿ ನನ್ನ ಹೆಂಡತಿಯ ಜೊತೆ ಉಂಡಿ ಕಟ್ಟುತ್ತಾಳೆ, ಸಂಜೆಗೆ ಮಾಳಿಗೆ ಹತ್ತಿ ಗುಡ್ಡ ನೋಡುತ್ತ ನಿಲ್ಲುತ್ತಾಳೆ. ಆ ಒಂದು ಬಾಗಿಲ ಮುಂದೆ ಹಾಯುವಾಗ ಮಾತ್ರ ಸೆರಗು ಸರಿಮಾಡಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ನಾನು ಕರೆದರೆ "ಕಾಲು ನೋಯ್ತಾವ" ಎನ್ನುತ್ತಿದ್ದಳು. ಅದೇ ಕಾಲಲ್ಲಿ ಹತ್ತು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗುತ್ತಿದ್ದಳು.

ಆ ಕೋಣೆಯಲ್ಲಿ ನನ್ನ ರಕಾಬಿಗಳಿವೆ. ನಮ್ಮ ಕಡೆ ಚೀನಿ ಮಣ್ಣಿನ ತಾಟಿಗೆ ರಕಾಬಿ ಅನ್ನುತ್ತಾರೆ. ಇವೆಲ್ಲ ಇಂಗ್ಲೆಂಡಿನಲ್ಲಿ ಮಾಡಿದವು, ಕೆಲವಕ್ಕೆ ನೂರೈವತ್ತು ವರ್ಷದ ಮೇಲಾಗಿದೆ. ಬಿಳಿ ಮೈ ಮೇಲೆ ನೀಲಿ ಬಣ್ಣದಲ್ಲಿ ಅಚ್ಚು ಹಾಕಿದ ಚಿತ್ರ: ಹೊಳೆ, ಗಿಡ, ಗೋಪುರ, ಕುದುರೆ, ಕೊಡೆ ಹಿಡಿದ ಹೆಂಗಸರು. ಕೆಲವು ಕಂದು. ಎರಡು ಮಾತ್ರ ಹಸಿರು. ನಾನೇ ಮಾಡಿದ ಸಾಗವಾನಿ ಹಲಗೆಗಳ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇನೆ. ಒಂದೂ ಜಾರದಂತೆ ಹಲಗೆಗೆ ತೋಡು ಕೊರೆದಿದ್ದೇನೆ. ನೋಡಲು ಬಂದವರು ಮೊದಲು ರಕಾಬಿ ನೋಡುತ್ತಾರೆ, ತಿಳಿದವರು ತೋಡು ನೋಡುತ್ತಾರೆ.

ಮನೆಗೆ ಬಂದ ಬೀಗರಿಗೆಲ್ಲ ನನ್ನ ಹೆಂಡತಿ ಹೇಳುವುದು ಒಂದೇ ಮಾತು.

"ನಮ್ಮ ಮನ್ಯಾಗ ಉಣ್ಣಾಕ ಸ್ಟೀಲಿನ ತಾಟು, ನೋಡಾಕ ಚೀನಿ ತಾಟು ನೋಡ್ರಿ. ನನಗರೆ ಒಂದು ದಿನಾ ಹಿಂಗ ಒರಸಿ ನಿಲ್ಲಿಸ್ಲಿಲ್ಲ ಇವ್ರು."

"ನಿನ್ನ ಎಲ್ಲಿ ನಿಲ್ಲಿಸ್ಲಿ, ಹಲಗಿ ತಾಳಬೇಕಲ್ಲ" ಎಂದು ನಾನು ಅಂದರೆ ಬೀಗರು ನಗುತ್ತಾರೆ, ಆಕೆಯೂ ನಗುತ್ತಾಳೆ. ಅಕ್ಕ ಮಾತ್ರ ಎಲೆ ಅಡಿಕೆಯ ಚೀಲದೊಳಗೆ ಏನೋ ಹುಡುಕುತ್ತ ಕೂಡುತ್ತಿದ್ದಳು.

ನಾನು ಹಳೆ ಮನೆ ಬಿಚ್ಚುವವನು. ಕೆಡವುವವನು ಅಂದರೆ ನನಗೆ ಸಿಟ್ಟು ಬರುತ್ತದೆ. ಕೆಡವಲು ಯಂತ್ರ ಬಂದಿದೆ, ಅರ್ಧ ದಿನದಲ್ಲಿ ನೂರು ವರ್ಷದ ಮನೆಯನ್ನು ಮಣ್ಣಿನ ಗುಂಪೆ ಮಾಡಿ ಹೋಗುತ್ತದೆ. ನಾವು ಮಾಳಿಗೆಯ ಮಣ್ಣು ಇಳಿಸಿ, ಜಂತಿ ಒಂದೊಂದಾಗಿ ತೆಗೆದು, ತೊಲೆಗೆ ಹಗ್ಗ ಕಟ್ಟಿ ಇಳಿಸಿ, ಕಂಬವನ್ನು ಅದರ ತಲೆಯ ಮೇಲಿನ ಕೆತ್ತನೆಯ ಬೋದಿಗೆಯ ಸಮೇತ ಹೊರಗೆ ತರುತ್ತೇವೆ. ಮೂವತ್ತೈದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ತೊಲೆ ಸೀಳಿಲ್ಲ, ಒಬ್ಬ ಆಳಿನ ಕಾಲು ಮುರಿದಿಲ್ಲ. ಶಾಲೆ ನಾಲ್ಕನೇ ಇಯತ್ತೆಗೆ ಬಿಟ್ಟವನು. ಆದರೂ ಒಂದು ಮನೆಯ ಹೊಸ್ತಿಲಲ್ಲಿ ನಿಂತು ನೋಡಿದರೆ ಯಾವ ಗೋಡೆ ಯಾವುದರ ಮೇಲೆ ಭಾರ ಹಾಕಿದೆ ಎಂದು ಹೇಳಬಲ್ಲೆ. ಶಹಾಪುರದಲ್ಲಿ ಕಟ್ಟಿಗೆಯ ಅಡ್ಡೆ ಇದೆ, ಮನೆ ಇದೆ. ಎರಡನ್ನೂ ಈ ಕೈಗಳೇ ಮಾಡಿದ್ದು.

ನಾನು ಹುಟ್ಟಿದ್ದು ಸಗರದಲ್ಲಿ. ನಮ್ಮದು ಹೊಲದ ಆಳಿನ ಮನೆತನ. ಅವ್ವ, ಅಪ್ಪ ಇಬ್ಬರೂ ಬೆಳಗಾಗುವ ಮುಂಚೆ ಹೊಲಕ್ಕೆ ಹೋಗುತ್ತಿದ್ದರು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಊರಿನ ವಾಡೆಗೆ ಹೋಗುತ್ತಿದ್ದಳು. ವಾಡೆ ಅಂದರೆ ಗೌಡರ ದೊಡ್ಡ ಮನೆ. ಅಲ್ಲಿ ದನದ ಮನೆಯ ಸಗಣಿ ಬಳಿಯುವುದು, ಗ್ವಾದಲಿಗೆ ಮೇವು ಹಾಕುವುದು ಆಕೆಯ ಕೆಲಸ. ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ನಾನೂ ಆಕೆಯ ಹಿಂದೆ ಹೋಗುತ್ತಿದ್ದೆ. ಶಾಲೆಗೆ ಸೇರಿದ ಮೇಲೂ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಓಡುತ್ತಿದ್ದೆ.

ದನದ ಮನೆಯ ಹೊರಗೋಡೆಯಲ್ಲಿ ಒಂದು ಉದ್ದನೆಯ ಗೂಡು ಇತ್ತು. ಅದರಲ್ಲಿ ಆಳುಗಳ ರಕಾಬಿಗಳು. ಆ ರಕಾಬಿಗಳು ಅಲ್ಲಿಗೆ ಬಂದ ಬಗೆಯನ್ನು ನಾನು ದೊಡ್ಡವನಾದ ಮೇಲೆ ತಿಳಿದೆ. ಗೌಡರ ಮುತ್ಯಾನ ಕಾಲದಲ್ಲಿ ಹೈದರಾಬಾದಿನಿಂದ ಅಧಿಕಾರಿಗಳು, ಒಮ್ಮೊಮ್ಮೆ ಇಂಗ್ರೇಜಿ ಸಾಹೇಬರು ಬಂದು ಇಳಿದುಕೊಳ್ಳುತ್ತಿದ್ದರಂತೆ. ಅವರಿಗಾಗಿ ಸಿಕಂದರಾಬಾದಿನಿಂದ ಎರಡು ಪೆಟ್ಟಿಗೆ ಇಂಗ್ಲೆಂಡಿನ ರಕಾಬಿ ತರಿಸಿದ್ದರು. ಆದರೆ ಆ ಮನೆಯ ಹೆಂಗಸರು ಚೀನಿ ಸಾಮಾನನ್ನು ಅಡುಗೆ ಮನೆಯೊಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಮಡಿಯಿಲ್ಲ ಎಂದು ನಂಬಿಕೆ. ಸಾಹೇಬರು ಬರುವುದು ನಿಂತ ಮೇಲೆ ಒಂದು ಪೆಟ್ಟಿಗೆ ಅಟ್ಟಕ್ಕೆ ಹೋಯಿತು, ಇನ್ನೊಂದು ಪೆಟ್ಟಿಗೆಯ ರಕಾಬಿಗಳು ದನದ ಮನೆಗೆ ಬಂದವು. ಹಿತ್ತಾಳೆ ತಾಟು ನಮ್ಮಂಥವರು ಮುಟ್ಟಿದರೆ ಮೈಲಿಗೆಯಾಗುತ್ತದೆ. ಇದು ಮೊದಲೇ ಮಡಿಯಿಲ್ಲದ್ದು, ಇನ್ನೇನು ಕೆಡುತ್ತದೆ? ಹೀಗೆ ಆ ಊರಿನಲ್ಲೇ ಎಲ್ಲಕ್ಕಿಂತ ತುಟ್ಟಿಯ ತಾಟಿನಲ್ಲಿ ಊರಿನ ಎಲ್ಲಕ್ಕಿಂತ ಬಡವರು ಉಂಡರು. ಅದು ಕೊಟ್ಟವರಿಗೂ ಗೊತ್ತಿರಲಿಲ್ಲ, ಉಂಡವರಿಗೂ ಗೊತ್ತಿರಲಿಲ್ಲ.

ಒಬ್ಬೊಬ್ಬ ಆಳಿಗೆ ಒಂದೊಂದು ರಕಾಬಿ. ಮಧ್ಯಾಹ್ನ ಒಳಗಿನಿಂದ ಗೌಡತಿ ರೊಟ್ಟಿಯನ್ನು ಮೇಲಿನಿಂದ ಬೀಳಿಸುತ್ತಿದ್ದಳು, ಪಲ್ಯವನ್ನು ಸೌಟು ತಾಕದಂತೆ ಸುರಿಯುತ್ತಿದ್ದಳು. ಉಂಡ ಮೇಲೆ ನಾವೇ ತೊಳೆದು ಗೂಡಿನಲ್ಲಿ ಬೋರಲು ಇಡಬೇಕು. ಅಕ್ಕನ ರಕಾಬಿಯ ಅಂಚು ಒಂದು ಕಡೆ ಚೂರು ಹಾರಿತ್ತು. ಆ ಗುರುತಿನಿಂದ ಅದು ನಮ್ಮದು. ಆಳು ಒಬ್ಬಳೇ ಆದ್ದರಿಂದ ರಕಾಬಿ ಒಂದೇ, ಅದರಲ್ಲೇ ನಾವಿಬ್ಬರೂ ಉಣ್ಣುತ್ತಿದ್ದೆವು.

ನಮ್ಮ ರಕಾಬಿಯ ಮೇಲೆ ಒಂದು ಹೊಳೆ ಇತ್ತು. ಹೊಳೆಗೆ ಮೂರು ಕಮಾನಿನ ಸೇತುವೆ. ಸೇತುವೆಯ ಈಚೆ ಒಂದು ಆಕಳು ನೀರು ಕುಡಿಯುತ್ತಿತ್ತು, ಆಚೆ ದೋಣಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು, ಅವರ ಹಿಂದೆ ಬಹಳ ಕಿಟಕಿಗಳ ಒಂದು ಮನೆ. ಜೋಳದ ರೊಟ್ಟಿ, ಪುಂಡಿ ಪಲ್ಯ ಬಿದ್ದರೆ ಇದೆಲ್ಲ ಮುಚ್ಚಿಹೋಗುತ್ತಿತ್ತು. ಉಣ್ಣುತ್ತ ಹೋದಂತೆ ಒಂದೊಂದಾಗಿ ಹೊರಗೆ ಬರುತ್ತಿತ್ತು.

"ಸೇತುವಿ ಕಾಣೋ ತನಕ ನೀ ಉಣ್ಣು" ಎನ್ನುತ್ತಿದ್ದಳು ಅಕ್ಕ. "ಆಮ್ಯಾಲ ಕೈ ತಗಿಬೇಕು. ಸೇತುವಿ ಆಕಡಿ ಹೋದ್ರ ದೋಣ್ಯಾಗಿನೋರು ಹಿಡ್ಕೊಂಡು ಹೋಗ್ತಾರ."

"ಎಲ್ಲಿಗಿ ಹೋಗ್ತಾರ?"

"ಅವರ ಮನಿಗಿ. ಎಷ್ಟು ಕಿಟಕಿ ಅದಾವ ನೋಡು. ಎಲ್ಲಾನೂ ನೀನಽ ಒರಸಬೇಕು."

ನಾನು ಆಕಳು ಇರುವ ಕಡೆಯಿಂದ ಉಣ್ಣುತ್ತ ಬಂದು, ಕಮಾನು ಕಂಡ ಕೂಡಲೇ ಕೈ ತೆಗೆಯುತ್ತಿದ್ದೆ. ಆಚೆಯದನ್ನು ಅಕ್ಕ ಉಣ್ಣುತ್ತ ದಿನಕ್ಕೊಂದು ಕಥೆ ಹೇಳುತ್ತಿದ್ದಳು. ಆ ಇಬ್ಬರು ಹೆಂಗಸರು ಅಕ್ಕತಂಗಿಯರು, ತವರಿಗೆ ಹೊರಟಿದ್ದಾರೆ. ಮರುದಿನ ಕೇಳಿದರೆ ಅವರು ಅತ್ತೆ ಸೊಸೆ, ಜಗಳ ಮಾಡಿಕೊಂಡಿದ್ದಾರೆ. ನನ್ನ ಐವತ್ತೆಂಟು ವರ್ಷದಲ್ಲಿ ಬಹಳ ಕಡೆ, ಬಹಳ ಒಳ್ಳೆಯ ಊಟ ಉಂಡಿದ್ದೇನೆ. ಆ ಸೇತುವೆ ರೊಟ್ಟಿಯ ಅಡಿಯಿಂದ ಮೆಲ್ಲಗೆ ಹೊರಬರುವುದನ್ನು ನೋಡುತ್ತ ಉಂಡಂಥ ಊಟ ಮತ್ತೆ ಸಿಗಲಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಅಕ್ಕನನ್ನು ಯಾದಗಿರಿಗೆ ಕೊಟ್ಟರು. ಭಾವ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಹೋದ ಮೇಲೆ ಶಾಲೆ ಬಿಡಿಸಿ ಆಕೆಯ ಜಾಗಕ್ಕೆ ನನ್ನನ್ನು ಹಚ್ಚಿದರು. ಮೊದಲ ದಿನ ಗೂಡಿಗೆ ಕೈ ಹಾಕಿದರೆ ನಮ್ಮ ರಕಾಬಿ ಇರಲಿಲ್ಲ. "ಎಲ್ಲಿ ಹೋತೋ ಏನೋ, ಇದನ್ನ ತಗೋ" ಎಂದಳು ಗೌಡತಿ. ಕೊಟ್ಟದ್ದರ ಅಂಚಿಗೆ ಒಂದು ಬಳ್ಳಿ ಮಾತ್ರ ಇತ್ತು, ನಡುವೆ ಏನೂ ಇಲ್ಲ. ಎಷ್ಟು ಉಂಡರೂ ಬರೀ ಬಿಳಿ. ಮೂರು ವರ್ಷ ಅದರಲ್ಲಿ ಉಂಡೆ. ಆಮೇಲೆ ಊರು ಬಿಟ್ಟು ಮನೆ ಕಟ್ಟುವ ಗೌಂಡಿಗಳ ಕೈಕೆಳಗೆ ಸೇರಿದೆ. ರಕಾಬಿಯ ನೆನಪು ಹೋಗಿತ್ತು, ಅಥವಾ ಹೋಗಿದೆ ಎಂದುಕೊಂಡಿದ್ದೆ.

ಅದು ತಿರುಗಿ ಬಂದದ್ದು ಸುರಪುರದಲ್ಲಿ. ಗುಡ್ಡದ ಕೆಳಗಿನ ಒಂದು ಹಳೆ ಮನೆ ಬಿಚ್ಚುತ್ತಿದ್ದೆವು. ಅಟ್ಟದ ಮೂಲೆಯಲ್ಲಿ ಹುಲ್ಲು ತುಂಬಿದ ಪೆಟ್ಟಿಗೆ. ಹುಲ್ಲು ಸರಿಸಿದರೆ ನೀಲಿ. ಅಂಗಿಯ ತೋಳಿನಿಂದ ಒರಸಿದೆ. ಹೊಳೆ ಬಂತು, ದೋಣಿ ಬಂತು. ಜಂತಿಯ ಮೇಲೇ ಕೂತುಬಿಟ್ಟೆ. ಕೆಳಗಿನಿಂದ ಆಳುಗಳು "ಮೇಸ್ತ್ರಿ, ಹಾವೇನ್ರಿ?" ಎಂದು ಕೂಗುತ್ತಿದ್ದರು. ಸೇತುವೆ ಇರಲಿಲ್ಲ. ಅದು ಬೇರೆ ಹೊಳೆ. ಆದರೂ ಮನೆಯವರನ್ನು ಕೇಳಿ, ಬೆಲೆ ಕೊಟ್ಟು ತಂದೆ. ನನ್ನ ಕೋಣೆಯ ಒಂದು ರಕಾಬಿಯನ್ನೂ ನಾನು ಪುಕ್ಕಟೆ ತಂದಿಲ್ಲ, ಕಣ್ಣು ತಪ್ಪಿಸಿಯೂ ತಂದಿಲ್ಲ.

ಅದನ್ನು ಹಿಡಿದುಕೊಂಡು ಹೈದರಾಬಾದಿಗೆ ಹೋದೆ. ಹಳೆ ಸಾಮಾನಿನ ಬಜಾರಿನಲ್ಲಿ ಒಬ್ಬ ಮುದುಕ ವ್ಯಾಪಾರಿ ಇದ್ದ. ನಾನು ಇಂಗ್ರೇಜಿ ಓದಲಾರೆ ಎಂದು ತಿಳಿದ ಮೇಲೂ ಆತ ಹಗುರವಾಗಿ ಮಾತಾಡಲಿಲ್ಲ. ರಕಾಬಿಯನ್ನು ಐದು ಬೆರಳಿನ ಮೇಲೆ ಕೂರಿಸಿ ಉಗುರಿನಿಂದ ಬಡಿದ. ಗಂಟೆಯ ಹಾಗೆ ದನಿ ಬಂದರೆ ಗಟ್ಟಿ, ಬೊದ್ದು ದನಿ ಬಂದರೆ ಒಳಗೆ ಸೀಳಿದೆ. ಇದು ನನಗೆ ಹೊಸದಲ್ಲ, ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನೂ ನಾವು ಹಾಗೇ ಬಡಿದು ನೋಡುತ್ತೇವೆ. ಹೊಸದಾಗಿ ಕಲಿತದ್ದು ಬೇರೆ. "ಹಾಥ್ ಕಾ ಕಾಮ್ ನೈ ಮಿಯಾಂ, ಕಾಗಜ್ ಕಾ ಕಾಮ್" ಎಂದ. ಇದು ಕೈಯ ಕೆಲಸವಲ್ಲ, ಕಾಗದದ ಕೆಲಸ. ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದು, ಬಣ್ಣ ತುಂಬಿ, ತೆಳ್ಳನೆಯ ಕಾಗದಕ್ಕೆ ಇಳಿಸಿಕೊಂಡು, ಆ ಕಾಗದವನ್ನು ರಕಾಬಿಗೆ ಒತ್ತುತ್ತಿದ್ದರಂತೆ. ಅಂಚಿನ ಬಳ್ಳಿಯ ಮೇಲೆ ನನ್ನ ಬೆರಳನ್ನು ಹಿಡಿದು ಸುತ್ತಿಸಿದ. ಒಂದು ಕಡೆ ಎರಡು ಎಲೆ ಅರ್ಧಕ್ಕೆ ನಿಂತು, ಕೂಡದ ಗೆರೆಗಳು ಒಂದಕ್ಕೊಂದು ಹಾಯ್ದಿದ್ದವು. ಕಾಗದದ ಎರಡು ತುದಿ ಕೂಡಿದ ಜಾಗ. ಯಾರೋ ಒಬ್ಬ ಕೆಲಸಗಾರ ಅವಸರದಲ್ಲಿದ್ದ. ಆವತ್ತಿನಿಂದ ಯಾವ ರಕಾಬಿ ಸಿಕ್ಕರೂ ನಾನು ಮೊದಲು ಆ ಬೆಸುಗೆಯನ್ನು ಹುಡುಕುತ್ತೇನೆ. ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ.

ನನ್ನ ರಕಾಬಿ ಯಾವುದು ಎಂದು ಆತನಿಗೆ ತಿಳಿಸಲು ಕಟ್ಟಿಗೆಗೆ ಗೆರೆ ಹೊಡೆಯುವ ಪೆನ್ಸಿಲಿನಿಂದ ಚಿತ್ರ ಬರೆದುಕೊಟ್ಟೆ. ಆತ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ, ಹಿಂದಿ ಕನ್ನಡ ಎರಡೂ ಬೆರೆಸಿ, "ಈ ಆಕಳ ಸೇತುವಿಗಿಂತ ದೊಡ್ಡದು ಅದ. ಇದು ನೀರು ಕುಡದ್ರ ಹೊಳಿ ಖಾಲಿ" ಎಂದ. ನಗು ಮುಗಿದ ಮೇಲೆ ಒಂದು ಮಾತು ಹೇಳಿದ. ಒಂದು ತಗಡಿನಿಂದ ಸಾವಿರಾರು ರಕಾಬಿ ಆಗುತ್ತವೆ, ನಿನ್ನದರಂಥದ್ದು ಎಲ್ಲೋ ಇದ್ದೇ ಇರುತ್ತದೆ.

ಆ ಮಾತನ್ನು ನಂಬಿ ಹದಿನೆಂಟು ವರ್ಷ ಹುಡುಕಿದೆ. ಸುರಪುರ, ಕೆಂಭಾವಿ, ಗುರುಮಠಕಲ್ ಕಡೆಯ ವಾಡೆಗಳ ಅಟ್ಟ ಹತ್ತಿದೆ. ಒಡೆದದ್ದಕ್ಕೆ ತಂತಿಯ ಹೊಲಿಗೆ ಹಾಕಿದ ರಕಾಬಿ ಸಿಕ್ಕಿತು, ಉಪ್ಪಿನಕಾಯಿ ಭರಣಿಯ ಮುಚ್ಚಳವಾಗಿದ್ದ ಚಹಾದ ಬಸಿ ಸಿಕ್ಕಿತು, ಒಂದು ಕಡೆ ಕೋಳಿಗಳು ನೀರು ಕುಡಿಯುತ್ತಿದ್ದ ಹಸಿರು ಬೋಗುಣಿ ಸಿಕ್ಕಿತು. ಸೇತುವೆಗಳೂ ಸಿಕ್ಕವು, ಎರಡು ಕಮಾನಿನದು, ಐದು ಕಮಾನಿನದು. ಒಂದೊಂದನ್ನು ತಂದಾಗಲೂ ಮನೆಯಲ್ಲಿ ಒಂದು ರೊಟ್ಟಿಯನ್ನು ಅದರ ಮೇಲಿಟ್ಟು, ಬಾಗಿಲು ಹಾಕಿಕೊಂಡು, ಅಂಚಿನಿಂದ ಮುರಿಯುತ್ತ ನೋಡುತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ನನಗೆ ಬೇಕಾಗಿದ್ದುದು ಆ ರಕಾಬಿಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅಕ್ಕ ಕೂಡುವುದು. ಆಕೆ ಕೋಣೆಗೇ ಬರುತ್ತಿರಲಿಲ್ಲ. ನಮ್ಮದು ಸಿಕ್ಕರೆ ಬರುತ್ತಾಳೆ ಎಂದು ನನ್ನ ಲೆಕ್ಕ.

ಹೋದ ವರ್ಷ ಬೇಸಿಗೆಗೆ ಸಗರದ ಅದೇ ವಾಡೆ ಬಿಚ್ಚುವ ಕೆಲಸ ಬಂತು. ಈಗಿನ ಗೌಡರು ನನ್ನ ವಯಸ್ಸಿನವರೇ, ಶಹಾಪುರದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಚಿಕ್ಕಂದಿನಲ್ಲಿ ಅವರ ಕುದುರೆಗೆ ಮೇವು ಹಾಕಿದ್ದು ನಾನು. ಅದು ಅವರಿಗೆ ನೆನಪಿರಲಿಲ್ಲ.

"ತೊಲಿ, ಕಂಬ, ಬಾಗಲಾ ಎಲ್ಲಾ ನೀವಽ ನೋಡ್ಕೋರಿ ಮೇಸ್ತ್ರಿ. ನನಗ ಜಾಗಾ ಖುಲ್ಲಾ ಆದ್ರ ಸಾಕು" ಎಂದರು.

"ಒಂದು ಮಾತು ಅದರಿ ಗೌಡ್ರ. ದನದ ಮನಿ ಗೂಡಿನ್ಯಾಗ ರಕಾಬಿ ಇದ್ರ ಅವು ನನಗ ಬೇಕು."

ಅವರು ನಕ್ಕರು. "ಅವನ್ನೇನ್ ಮಾಡ್ತೀರಿ? ಆಳಿನ ರಕಾಬಿ ಅವು. ನಮ್ಮವ್ವ ಇದ್ದಾಗ ಯಾರರೆ ಅವನ್ನ ಒಳಗ ತಂದ್ರ ಪಡಸಾಲಿ ಪೂರಾ ತೊಳಸ್ತಿದ್ಲು."

"ಗೊತ್ತದರಿ. ನಾ ಅದರಾಗಽ ಉಂಡಾಂವ."

ಅವರು ಜೇಬಿನಿಂದ ಮೊಬೈಲು ತೆಗೆದು ಸ್ವಲ್ಪ ಹೊತ್ತು ನೋಡಿ ಮತ್ತೆ ಒಳಗಿಟ್ಟರು. "ತಗೋರಿ" ಎಂದರು. "ಅಟ್ಟದ ಮ್ಯಾಲೂ ಒಂದು ಪೆಟಗಿ ಅದ ಅಂತ ಅಪ್ಪಾ ಹೇಳ್ತಿದ್ದಾ. ಅದನ್ನೂ ತಗೋರಿ." ನಾನು ಅದಕ್ಕೂ ಬೆಲೆ ಹೇಳಿಸಿಕೊಂಡೇ ತೆಗೆದುಕೊಂಡೆ.

ಗೂಡು ಕುಸಿದಿತ್ತು. ಮಣ್ಣನ್ನು ಸಲಿಕೆಯಿಂದ ತೆಗೆಯಲು ಬಿಡದೆ ಕೈಯಿಂದ ತೆಗೆದೆ. ಐದು ರಕಾಬಿ ಇದ್ದವು. ಐದೂ ಬಳ್ಳಿಯ ಅಂಚಿನವು, ನಡುವೆ ಬಿಳಿ. ಮಣ್ಣನ್ನು ಮತ್ತೊಮ್ಮೆ ಜಾಲಿಸಿದೆ. ಸೇತುವೆ ಇಲ್ಲ, ಅದರ ಒಂದು ಚೂರೂ ಇಲ್ಲ. ಐದನ್ನೂ ಒಂದು ಗೋಣಿಯಲ್ಲಿ ಸುತ್ತಿಟ್ಟು ಅಟ್ಟ ಹತ್ತಿದೆ. ಪೆಟ್ಟಿಗೆಯಲ್ಲಿ ಬಹಳಷ್ಟು ಪುಡಿಯಾಗಿತ್ತು. ತಳದಲ್ಲಿ ಒಂದು ದೊಡ್ಡ ಹರಿವಾಣ ಪೂರ್ತಿ ಉಳಿದಿತ್ತು, ಮೊಳದುದ್ದ, ಮೊಟ್ಟೆಯ ಆಕಾರ. ನೀರು ಚಿಮುಕಿಸಿ ಒರಸಿದೆ. ಮೂರು ಕಮಾನು. ಆಕಳು. ದೋಣಿಯಲ್ಲಿ ಇಬ್ಬರು. ಬಹಳ ಕಿಟಕಿಗಳ ಮನೆ. ನನ್ನ ರಕಾಬಿಯಲ್ಲಿ ಬೆರಳ ತುದಿಯಷ್ಟಿದ್ದ ಹೆಂಗಸರು ಇದರಲ್ಲಿ ಹೆಬ್ಬೆರಳಿನಷ್ಟಿದ್ದರು. ಮೊದಲ ಸಲ ಅವರ ಮುಖ ಕಂಡೆ.

ಮರುದಿನವೇ ಹರಿವಾಣವನ್ನು ಕೌದಿಯಲ್ಲಿ ಸುತ್ತಿಕೊಂಡು ಯಾದಗಿರಿ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಭೀಮಾ ಹೊಳೆ ದಾಟುವಾಗ ಬಸ್ಸು ಕುಲುಕಿದ್ದಕ್ಕೆ ಡ್ರೈವರನಿಗೆ ಬೈದೆ, ಆತ ತಿರುಗಿ ಬೈದ.

ಅಕ್ಕನ ಮನೆ ಸ್ಟೇಷನ್ನಿನ ಹತ್ತಿರ. ಭಾವ ತೀರಿಹೋಗಿ ಬಹಳ ವರ್ಷವಾಯಿತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಕ್ಕ ಬಾಗಿಲಲ್ಲಿ ಕೂತು ಶೇಂಗಾ ಕಾಯಿ ಸುಲಿಯುತ್ತಿದ್ದಳು.

"ಪಂಚಮಿ ಇನ್ನಾ ಎರಡು ತಿಂಗಳದ, ಈಗ್ಯಾಕ ಬಂದಿ? ಇಷ್ಟು ಜ್ವಾಪಾನದಿಂದ ಹಿಡದಿ, ಕೂಸೇನು ಅದು?"

ಕೌದಿ ಬಿಚ್ಚಿ ಆಕೆಯ ಮುಂದೆ ಇಟ್ಟೆ. ಆಕೆಯ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಇದನ್ಯಾಕ ನನ್ನ ಮನಿಗಿ ತಂದಿ?"

"ನೋಡು ಅಕ್ಕಾ, ಅದಽ ಚಿತ್ರ. ಸೇತುವಿ ಅದ, ಆಕಳ ಅದ, ದೋಣ್ಯಾಗ ಇಬ್ರೂ ಅದಾರ."

"ನನಗ ಕಣ್ಣು ಕಾಣ್ತಾವ."

"ನಮ್ಮ ರಕಾಬಿ ಜೋಡಿದು ಇದು. ನಮ್ಮದು ಎಲ್ಲಿ ಹೋಗ್ಯದೋ, ಗೂಡು ಪೂರಾ ಜಾಲಿಸಿದೆ, ಸಿಗಲಿಲ್ಲ."

"ಅದು ಸಿಗಂಗಿಲ್ಲ" ಎಂದಳು ಅಕ್ಕ. "ನಾನಽ ಒಡದೀನಿ."

ರೈಲೊಂದು ಹಾಯ್ದು ಹೋಯಿತು. ಆಮೇಲೆ ಆಕೆ ಕಾಯಿ ಸುಲಿಯುತ್ತಲೇ ಹೇಳಿದಳು.

"ಲಗ್ನದ ಹಿಂದಿನ ದಿನಾ ಕಡೀ ಸಲ ಉಂಡು ತೊಳದೆ. ಬೋರಲಾ ಇಡಾಕ ಹೋದೆ. ನಾಳಿಂದ ನನ್ನ ತಮ್ಮ ಒಬ್ಬನಽ ಇಲ್ಲಿ ಕುಂತು ಇದರಾಗ ಉಣ್ಣಾಂವ, ಒಬ್ಬನಽ ತೊಳದು ಇಡಾಂವ ಅಂತ ಅನಿಸ್ತು. ಗ್ವಾದಲಿ ಕಲ್ಲಿಗಿ ಒಗದೆ. ಚೂರೆಲ್ಲಾ ಸೆರಗಿನ್ಯಾಗ ಕಟ್ಕೊಂಡು ಹೋಗಿ ಬಾವ್ಯಾಗ ಚೆಲ್ಲಿದೆ."

"ಅವ್ರು ನನಗ ಬ್ಯಾರೇದು ಕೊಟ್ರು."

"ಕೊಡ್ತಾರ ಅಂತ ಗೊತ್ತಿತ್ತು. ಗೂಡಿನ್ಯಾಗ ಇನ್ನಾ ಇದ್ವಲ್ಲ. ಆದ್ರೂ ಒಗದೆ."

ಹದಿನೆಂಟು ವರ್ಷ ಅಟ್ಟ ಅಟ್ಟ ಹತ್ತಿ ಹುಡುಕಿದ್ದನ್ನು ಆಕೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಾವಿಗೆ ಹಾಕಿದ್ದಳು. ನಾನು ಏನೇನು ತಂದು ಹಲಗೆಯ ಮೇಲೆ ನಿಲ್ಲಿಸುತ್ತಿದ್ದೇನೆ ಎಂದು ಹೆಂಡತಿ ವರ್ಷ ವರ್ಷ ಹೇಳುವಾಗ ಆಕೆಗೆ ಏನೆನಿಸಿರಬೇಕು?

"ಮೊದಲಽ ಹೇಳ್ಬೇಕಿಲ್ಲ?" ಎಂದೆ.

"ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ. ಅದು ಏನೋ ದೊಡ್ಡ ಸುಖ ಅನ್ನೋಹಂಗ ಮಾತಾಡ್ತಿದ್ದಿ."

"ಸುಖಾನಽ ಇತ್ತಲ್ಲ ಅಕ್ಕಾ. ಸೇತುವಿ ಕಾಣೋ ತನಕ ಉಣ್ಣು ಅಂತಿದ್ದಿ. ಎಂಥೆಂಥಾ ಕಥಿ ಹೇಳ್ತಿದ್ದಿ."

ಆಕೆ ನನ್ನನ್ನು ನೋಡಿದಳು. ಆಮೇಲೆ ನಗಲು ಸುರು ಮಾಡಿದಳು. ಹಲ್ಲಿಲ್ಲದ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು.

"ಖೋಡಿ, ಅದು ಆಟ ಅಂತ ತಿಳ್ಕೊಂಡೀ ಏನು? ಒಬ್ಬರ ಪಾಲು ರೊಟ್ಟಿ, ಉಣ್ಣಾವ್ರು ಇಬ್ರು. ನೀ ಗಬಾಗಬಾ ಎಲ್ಲಾ ತಿಂತಿದ್ದಿ. ನಾ ಮುಂಜಾನಿಂದ ಸಗಣಿ ಬಳದು ಸತ್ತಿರ್ತಿದ್ದೆ. ನನಗರ್ಧಾ ಉಳೀಬೇಕಂದ್ರ ಏನ್ ಮಾಡ್ಲಿ? ಸೇತುವಿ ನಡಕ ಇತ್ತು. ಅದನ್ನಽ ಗಡಿ ಮಾಡಿದೆ."

ನನಗೂ ನಗು ಬಂತು. ನಾನು ಆ ಕಮಾನು ಕಂಡ ಕೂಡಲೇ ಕೈ ತೆಗೆಯುತ್ತಿದ್ದುದು ಒಂದೇ ನನಗೆ ಸಮಾಧಾನ. ಕೇಳಿದೆ: "ನಾ ಗಡಿ ದಾಟ್ತಿದ್ನೇನು?"

"ದಿನಾ ದಾಟ್ತಿದ್ದಿ" ಎಂದಳು.

ಊಟಕ್ಕೆ ಸ್ಟೀಲಿನ ತಾಟು ಹಾಕಿದಳು. ಹರಿವಾಣ ಕೌದಿಯಲ್ಲೇ ಇತ್ತು. ಹೊರಡುವಾಗ ಬಿಟ್ಟು ಹೋಗಲೇ ಎಂದು ಕೇಳಿದೆ. ಬೇಡ ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅದು ಬರುವಾಗಿನದಕ್ಕಿಂತ ಭಾರವೆನಿಸಿತು. ಆದರೂ ಮನೆಗೆ ತಂದು ಎದುರಿನ ಗೋಡೆಯ ನಡು ಹಲಗೆಯಲ್ಲಿ ನಿಲ್ಲಿಸಿದೆ. ಗೋಣಿಯಲ್ಲಿದ್ದ ಐದು ರಕಾಬಿಗಳನ್ನು ತೊಳೆದು ಕೆಳಗಿನ ಹಲಗೆಯಲ್ಲಿ, ನೆಲದ ಹತ್ತಿರ ಇಟ್ಟೆ. ಅವುಗಳಲ್ಲಿ ಚಿತ್ರವೇ ಇಲ್ಲ. ಎಸೆಯಲು ಮನಸ್ಸಾಗಲಿಲ್ಲ ಅಷ್ಟೇ.

ಪಂಚಮಿಗೆ ಕರೆಯಲು ಹೋದಾಗ ಬರುವುದಿಲ್ಲ ಎನ್ನುತ್ತಾಳೆ ಎಂದು ಹೆದರಿದ್ದೆ. ಸೀರೆ ಉಟ್ಟುಕೊಂಡು ತಯಾರಾಗಿ ಕೂತಿದ್ದಳು. ಶಹಾಪುರದಲ್ಲಿ ಯಥಾಪ್ರಕಾರ ಪಡಸಾಲೆ, ಎಲೆ ಅಡಿಕೆ, ಉಂಡಿ. ಎರಡನೆಯ ದಿನ ಮಧ್ಯಾಹ್ನ ಅಡ್ಡೆಯಿಂದ ಊಟಕ್ಕೆ ಬಂದರೆ ಪಡಸಾಲೆಯಲ್ಲಿ ಆಕೆ ಇಲ್ಲ.

"ಅಕ್ಕಾರು ಒಳಗ ಹೋಗ್ಯಾರ" ಎಂದಳು ಹೆಂಡತಿ, ದನಿ ತಗ್ಗಿಸಿ. "ನೀವು ಗದ್ದಲಾ ಮಾಡಬ್ಯಾಡ್ರಿ."

ಕೋಣೆಯ ನಡುವೆ ಅಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಹರಿವಾಣದ ಎದುರು. ನಾನು ಬಂದದ್ದು ತಿಳಿದು, ತಿರುಗದೆಯೇ ಹೇಳಿದಳು:

"ಇದರಾಗ ಯಾರೂ ಉಂಡಿಲ್ಲ ಬಿಡು. ಇಂಗ್ರೇಜಿ ಸಾಯಾಬರಿಗಿ ಇಟ್ಟಿದ್ದು. ಮೈ ಹೆಂಗ ಹೊಸಾದು ಅದ ನೋಡು." ಆಮೇಲೆ ಉಳಿದ ಹಲಗೆಗಳ ಕಡೆ ಕೈ ಬೀಸಿದಳು. "ಇವೆಲ್ಲಾನೂ ಸಾಯಾಬರವಽ?"

"ಅಲ್ಲಲ್ಲಿ ಅಟ್ಟದಾಗ ಸಿಕ್ಕಿದ್ವು."

"ನಮ್ಮಂಥೋರು ಉಂಡಿದ್ದು ಯಾವು?"

ನಾನು ಕೆಳಗಿನ ಹಲಗೆ ತೋರಿಸಿದೆ. ಕಾಲು ನೋವಿನ ಅಕ್ಕ ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತಳು. ಕೈ ಚಾಚಿ ಮೊದಲನೆಯದನ್ನು ತೆಗೆದುಕೊಂಡಳು. ನಾನು ಬೆಸುಗೆ ಹುಡುಕುವ ಹಾಗೆ ಆಕೆಯೂ ಅಂಚಿನ ಸುತ್ತ ಬೆರಳು ಆಡಿಸಿದಳು, ಆದರೆ ಬೇರೆ ಏನನ್ನೋ ಹುಡುಕುತ್ತ.

"ಇದು ಕುರಿ ಕಾಯೋ ಮುತ್ಯಾಂದು. ಇಲ್ಲಿ ಕರೀ ಗೆರಿ ಅದಲ್ಲ, ಬೀಡಿ ಇಡ್ತಿದ್ದಾ. ಉಂಡು ಎದ್ದಮ್ಯಾಲ ನನಗ ಬೆಲ್ಲಾ ಕೊಡ್ತಿದ್ದಾ."

ಎರಡನೆಯದು ಎರಡು ಹೆಣ್ಣು ಹೆತ್ತು ಮೂರನೆಯ ಹೆರಿಗೆಯಲ್ಲಿ ತೀರಿಕೊಂಡವಳದು. ಆಕೆಯ ಹಾಡಿಗೆ ಎತ್ತುಗಳು ಮೇವು ಬಿಟ್ಟು ನಿಲ್ಲುತ್ತಿದ್ದವಂತೆ. ಮೂರನೆಯದು ಮೂಕನದು. ಆತ ತನ್ನ ರಕಾಬಿಯನ್ನು ಬೂದಿ ಹಾಕಿ ಎರಡು ಸಲ ತೊಳೆಯುತ್ತಿದ್ದನಂತೆ, ಅದಕ್ಕೇ ಅದರ ನೀಲಿ ತೆಳುವಾಗಿದೆ. ಅಕ್ಕ ಹೇಳುತ್ತಿದ್ದಳು. ನಾನು ಅಡ್ಡೆಯ ನೋಟುಬುಕ್ಕು ತಂದು, ನನಗೆ ಬರುವಷ್ಟು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಇವರೆಲ್ಲ ನಾನು ಉಣ್ಣುವಾಗ ನನ್ನ ಪಕ್ಕದಲ್ಲೇ ಕೂತಿದ್ದವರು. ನಾನು ರಕಾಬಿಯೊಳಗೆ ನೋಡುತ್ತಿದ್ದೆ, ಅವರನ್ನು ನೋಡಿರಲಿಲ್ಲ.

ನಾಲ್ಕನೆಯದನ್ನು ಆಕೆ ನನ್ನ ಕೈಗೆ ಕೊಟ್ಟಳು. "ಇದು ನಿಂದಿರಬೇಕು. ನಾ ಹೋದಮ್ಯಾಲ ಕೊಟ್ಟಿದ್ದು ಯಾವ್ದು, ನೀನಽ ಹೇಳು."

ನಾನು ಹೊರಳಿಸಿ ನೋಡಿದೆ. ಮೂರು ವರ್ಷ ದಿನಾ ಅದರಲ್ಲಿ ಉಂಡವನು, ಗುರುತು ಹತ್ತಲಿಲ್ಲ. ಇರಬಹುದು ಎಂದೆ. ಆಕೆ ಐದನೆಯದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಅಂಚು ಮುಟ್ಟಿದಳು, ಬೆಳಕಿಗೆ ಹಿಡಿದಳು, ಹಿಂದೆ ಮುಂದೆ ಮಾಡಿದಳು.

"ಯಾರದು ಅಕ್ಕಾ?"

"ತಡಿ."

ಹೆಂಡತಿ ಬಾಗಿಲಿಗೆ ಬಂದು ಊಟ ಆರುತ್ತಿದೆ ಎಂದಳು. ಅಕ್ಕ ಏಳಲಿಲ್ಲ. ನಾನೂ ಆಕೆಯ ಎದುರು, ನೆಲದ ಮೇಲೆ, ಪೆನ್ನು ಹಿಡಿದು ಕೂತೇ ಇದ್ದೆ.

"ಬಾಗಲ ಕಡಿ ಬೆನ್ನು ಮಾಡಿ ಕುಂದ್ರತಿದ್ಲು ಒಬ್ಬಾಕಿ" ಎಂದಳು ಕೊನೆಗೆ. "ಮಾರೀನಽ ನೆನಪಾಗವಲ್ತು. ಆಕಿ ಇದ್ಲು, ಅಷ್ಟು ಬರಿ."